ನಿಮ್ಮ ಪುಸ್ತಕದ ಫೋಟೊ ನೀವೇ ತೆಗೆಯಿರಿ: ಕೊಪ್ಪಳ ಸೀಮೆಯ ಲೇಖಕರಿಗೊಂದು ಸಮಗ್ರ ಮಾರ್ಗದರ್ಶಿ

ಅಚ್ಚಾದ ಪುಸ್ತಕದ ಬಂಡಲ್ ಮನೆಗೆ ಬಂದ ಸಂಜೆಯೇ ದಾರ ಕತ್ತರಿಸಿ, ಮೇಲಿನ ಪ್ರತಿಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಒಂದು ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸಿಬಿಡುತ್ತೇವೆ. ಮುಖಪುಟದ ನಟ್ಟನಡುವೆ ಟ್ಯೂಬ್‌ಲೈಟಿನ ಬಿಳಿ ಪಟ್ಟಿ ಬಿದ್ದಿರುತ್ತದೆ, ಪುಸ್ತಕದ ಮೇಲ್ತುದಿ ಕಿರಿದಾಗಿ ಕೆಳತುದಿ ಅಗಲವಾಗಿರುತ್ತದೆ, ಹಿಂದೆ ಅರ್ಧ ಮಡಚಿದ ಹಾಸಿಗೆ ಕಾಣುತ್ತಿರುತ್ತದೆ. ಎರಡು ಮೂರು ವರ್ಷ ದುಡಿದು ಬರೆದ ಪುಸ್ತಕದ ಮೊದಲ ಮುಖದರ್ಶನ ಹೀಗಾಗಬಾರದು.

ಕೊಪ್ಪಳ, ಕುಷ್ಟಗಿ, ಗಂಗಾವತಿ, ಯಲಬುರ್ಗಾ ಕಡೆಯ ಲೇಖಕರ ಪುಸ್ತಕವನ್ನು ಹೆಚ್ಚಿನ ಓದುಗರು ಮೊದಲು ನೋಡುವುದು ಅಂಗಡಿಯ ಕಪಾಟಿನಲ್ಲಲ್ಲ, ಫೋನಿನ ಪರದೆಯಲ್ಲಿ, ಹೆಬ್ಬೆಟ್ಟಿನಷ್ಟು ಅಗಲದ ಚಿತ್ರದಲ್ಲಿ. ಆ ಚಿತ್ರ ಎರಡು ಕೆಲಸ ಮಾಡಬೇಕು: ಪುಸ್ತಕದ ಹೆಸರನ್ನು ಕಷ್ಟಪಡದೆ ಓದಿಸಬೇಕು, ಇದು ಕೈಯಲ್ಲಿ ಹಿಡಿಯಬಹುದಾದ ವಸ್ತು ಎಂಬ ಭಾವ ಕೊಡಬೇಕು. ಅಲಂಕಾರ, ಬಣ್ಣ, ಹಿನ್ನೆಲೆ ಎಲ್ಲವೂ ಈ ಎರಡರ ನಂತರ. ಇದಕ್ಕೆ ದುಬಾರಿ ಕ್ಯಾಮೆರಾ ಬೇಡ. ಸಾಧಾರಣ ಫೋನು, ಒಂದು ಕಿಟಕಿ, ಸ್ಟೇಶನರಿ ಅಂಗಡಿಯ ನಾಲ್ಕು ಸಾಮಾನು, ಒಂದು ಬೆಳಗಿನ ಹೊತ್ತು ಸಾಕು.

ಬೇಕಾಗುವ ಸಾಮಾನು

ಒಂದು ಬಿಳಿ ಥರ್ಮೊಕೋಲ್ ಹಾಳೆ, ಒಂದು ಕಪ್ಪು ಚಾರ್ಟ್, ಒಂದು ಬಿಳಿ ಚಾರ್ಟ್, ಡಬಲ್ ಸೈಡ್ ಟೇಪ್, ನಾಲ್ಕು ಬೈಂಡರ್ ಕ್ಲಿಪ್, ಎರಡು ರಬ್ಬರ್ (ಅಳಿಸುವ ರಬ್ಬರ್), ತೆಳುವಾದ ಬಿಳಿ ಪಂಚೆ, ಮೆತ್ತನೆಯ ಬ್ರಶ್ಶು, ಒಣ ಹತ್ತಿ ಬಟ್ಟೆ. ಫೋನ್ ಹಿಡಿಯುವ ಟ್ರೈಪಾಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಎತ್ತರದ ಸ್ಟೂಲಿನ ಅಂಚಿಗೆ ಫೋನನ್ನು ಹೊರಚಾಚಿ ಇಟ್ಟು, ಹಿಂತುದಿಯ ಮೇಲೆ ಭಾರದ ಪುಸ್ತಕವೊಂದನ್ನು ಹೇರಿ, 3 ಸೆಕೆಂಡಿನ ಟೈಮರ್ ಹಾಕಿದರೆ ಕೈನಡುಕದ ಕಾಟ ತಪ್ಪುತ್ತದೆ.

ಪ್ರತಿ ಆರಿಸುವುದು

ಬಂಡಲಿನ ಮೇಲಿನ ಮತ್ತು ಕೆಳಗಿನ ಪ್ರತಿಗಳಿಗೆ ದಾರದ ಗುರುತು ಬಿದ್ದಿರುತ್ತದೆ. ನಡುವಿನಿಂದ ಮೂರು ಪ್ರತಿ ತೆಗೆಯಿರಿ. ನಾಲ್ಕೂ ಮೂಲೆ ಚೂಪಾಗಿವೆಯೇ, ಬೆನ್ನಿನ ಮೇಲಿನ ಹೆಸರು ನಡುವಿಗೆ ಕೂತಿದೆಯೇ, ಕತ್ತರಿಸಿದ ಅಂಚು ನೇರವಾಗಿದೆಯೇ ನೋಡಿ. ಬೆನ್ನೂ ಮುಖಪುಟದಷ್ಟೇ ಮುಖ್ಯ. ಕಪಾಟಿನಲ್ಲಿ ಓದುಗನಿಗೆ ಕಾಣುವುದು ಅದೊಂದೇ.

ಪೇಪರ್‌ಬ್ಯಾಕಿನ ಮುಖಪುಟ ಸೆಟೆದುಕೊಳ್ಳುವುದು ದೊಡ್ಡ ತಲೆನೋವು. ಲ್ಯಾಮಿನೇಶನ್ ಇರುವುದು ಹೊರಬದಿಗೆ ಮಾತ್ರ. ಒಳಬದಿಯ ಕಾಗದ ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಪ್ಲಾಸ್ಟಿಕ್ ಪದರ ಹಿಗ್ಗುವುದಿಲ್ಲ. ಆಗ ಮುಖಪುಟ ಹೊರಕ್ಕೆ ಬಾಗುತ್ತದೆ. ಏಪ್ರಿಲ್, ಮೇ ತಿಂಗಳ ಒಣಹವೆಯಲ್ಲಿ ಇದು ತಿರುಗುಮುರುಗಾಗಿ ಒಳಕ್ಕೆ ಬಾಗುತ್ತದೆ. ಹಿಂದಿನ ರಾತ್ರಿಯೇ ಪುಸ್ತಕವನ್ನು ಎರಡು ಹಲಗೆಗಳ ನಡುವೆ ಇಟ್ಟು ನಾಲ್ಕೈದು ಕಿಲೊ ಭಾರ ಹೇರಿಡಿ. ಬೆಳಿಗ್ಗೆ ತೆಗೆದ ತಕ್ಷಣ ಫೋಟೊ ಕೆಲಸ ಶುರುಮಾಡಿ, ತಾಸು ಕಳೆದರೆ ಮತ್ತೆ ಬಾಗುತ್ತದೆ.

ಒಂದು ಎಚ್ಚರಿಕೆ: ಹೊರಗೆ ಫೋಟೊ ತೆಗೆಯಲು ಹೋಗುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಪುಸ್ತಕ ಬಿಟ್ಟು ಬರಬೇಡಿ. ಬೆನ್ನಿಗೆ ಹಾಕಿದ ಅಂಟು ಕಾವಿಗೆ ಮೆತ್ತಗಾಗಿ, ಪುಸ್ತಕ ಒಂದು ಕಡೆಗೆ ವಾಲಿಕೊಂಡು ಹಾಗೇ ಗಟ್ಟಿಯಾಗುತ್ತದೆ. ನಮ್ಮ ಬಿಸಿಲಿಗೆ ಇದು ಅಪರೂಪದ ಮಾತಲ್ಲ.

ಇನ್ನು ದೂಳು. ಈ ಸೀಮೆಯ ಕೆಂಪು ದೂಳು ಕಣ್ಣಿಗೆ ಕಾಣದಿದ್ದರೂ ಕಪ್ಪು, ನೀಲಿ ಮುಖಪುಟದ ಮೇಲೆ ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುತ್ತದೆ. ಮೊದಲು ಬ್ರಶ್ಶಿನಿಂದ ಸರಿಸಿ, ಆಮೇಲೆ ಒಣ ಬಟ್ಟೆಯಿಂದ ಹಗುರಾಗಿ ಒರೆಸಿ. ದೂಳಿದ್ದಾಗಲೇ ಬಟ್ಟೆ ಒತ್ತಿ ಉಜ್ಜಿದರೆ ಮ್ಯಾಟ್ (ಹೊಳಪಿಲ್ಲದ) ಲ್ಯಾಮಿನೇಶನ್ ಮೇಲೆ ಹೊಳೆಯುವ ಗೀರು ಬೀಳುತ್ತದೆ, ಅದು ಹೋಗುವುದಿಲ್ಲ. ಮ್ಯಾಟ್ ಮುಖಪುಟವನ್ನು ಅಂಚಿನಲ್ಲೇ ಹಿಡಿಯಿರಿ, ಬೆರಳಿನ ಜಿಡ್ಡು ಅದರ ಮೇಲೆ ಬೇಗ ಮೂಡುತ್ತದೆ. ಲೆನ್ಸ್ ಒರೆಸುವುದನ್ನೂ ಮರೆಯಬೇಡಿ. ಜೇಬಿನಲ್ಲಿದ್ದ ಫೋನಿನ ಲೆನ್ಸ್ ಮೇಲಿನ ಜಿಡ್ಡೇ ಎಷ್ಟೋ ಮಬ್ಬು ಫೋಟೊಗಳ ಮೂಲ.

ಕಿಟಕಿ ಮತ್ತು ಹೊತ್ತು

ನೇರ ಬಿಸಿಲು ಬೀಳದ, ಆದರೆ ಬೆಳಕು ತುಂಬಿ ಬರುವ ಕಿಟಕಿ ಹುಡುಕಿ. ಸಾಮಾನ್ಯವಾಗಿ ಉತ್ತರದ ಕಿಟಕಿ ಎನ್ನುತ್ತಾರೆ. ನಮಗೆ ಅದು ವರ್ಷವಿಡೀ ಹೊಂದುವುದಿಲ್ಲ. ಕೊಪ್ಪಳ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಸರಿದಿರುತ್ತಾನೆ. ಆ ತಿಂಗಳುಗಳಲ್ಲಿ ದಕ್ಷಿಣದ ಕಿಟಕಿಯೇ ತಣ್ಣಗಿನ ಸಮಬೆಳಕು ಕೊಡುತ್ತದೆ. ಉಳಿದ ದಿನಗಳಲ್ಲಿ ಉತ್ತರದ್ದು ಸರಿ. ಬೇರೆ ಕಿಟಕಿಯೇ ಇಲ್ಲದಿದ್ದರೆ ಪಂಚೆಯನ್ನು ಒಂದೇ ಪದರವಾಗಿ ಬಿಗಿಯಾಗಿ ಕಟ್ಟಿ. ಚೂಪಾದ ನೆರಳು ಮೆತ್ತಗಾಗುತ್ತದೆ. ಪಂಚೆ ಅಚ್ಚ ಬಿಳಿಯದೇ ಇರಲಿ, ಕೇಸರಿ ಅಥವಾ ಹಳದಿ ಪರದೆಯಿಂದ ಬಂದ ಬೆಳಕು ಮುಖಪುಟದ ಬಣ್ಣವನ್ನೇ ಬದಲಿಸುತ್ತದೆ.

ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲು ಕಣ್ಣಿಗೆ ಚಂದ. ಕ್ಯಾಮೆರಾಕ್ಕೆ ಅದು ಕಷ್ಟ: ಬೆಳಕು ಬಿದ್ದಷ್ಟು ಜಾಗ ಸುಣ್ಣದಂತೆ, ಉಳಿದದ್ದು ಕಾಡಿಗೆಯಂತೆ. ಕೋಲಿನ ಪಕ್ಕದ ಚದುರಿದ ಬೆಳಕಿನಲ್ಲಿ ಪುಸ್ತಕ ಇಟ್ಟರೆ ಸೊಗಸಾದ ಫೋಟೊ ಬರುತ್ತದೆ.

ಮುಖ್ಯವಾಗಿ, ಕಿಟಕಿಯ ಬೆಳಕಿನಲ್ಲಿ ತೆಗೆಯುವಾಗ ಕೋಣೆಯ ಎಲ್ಲ ದೀಪ ಆರಿಸಿ. ಕಿಟಕಿಯ ಬೆಳಕು ಒಂದು ಬಣ್ಣ, ಬಲ್ಬಿನದು ಇನ್ನೊಂದು. ಎರಡೂ ಕೂಡಿದರೆ ಪುಸ್ತಕದ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿಯಾಗುತ್ತದೆ, ಯಾವ ಆ್ಯಪಿನಲ್ಲೂ ಅದನ್ನು ಪೂರ್ತಿ ಸರಿಪಡಿಸಲಾಗದು. ರಾತ್ರಿಯೇ ತೆಗೆಯಬೇಕಾದರೆ ಒಂದೇ ಕಂಪನಿಯ, ಒಂದೇ ಬಣ್ಣದ ಎರಡು ಎಲ್ಇಡಿ ಬಲ್ಬನ್ನು ಪುಸ್ತಕದ ಎಡಬಲಕ್ಕೆ, ಬಿಳಿ ಬಟ್ಟೆಯ ಹಿಂದೆ ಇಡಿ. ಫೋಟೊದಲ್ಲಿ ಅಡ್ಡಡ್ಡ ಪಟ್ಟೆ ಬಂದರೆ ಅದು ದೀಪದ ಮಿನುಗು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕ್ಯಾಮೆರಾವನ್ನು ಕೈಯಾರೆ ಹೊಂದಿಸುವ ಪ್ರೊ ಮೋಡಿನಲ್ಲಿ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಹೋಗುತ್ತದೆ.

ಮೊದಲ ಫೋಟೊ: ಮೇಲಿನಿಂದ, ನೇರವಾಗಿ

ಇದನ್ನೊಂದು ಸರಿಯಾಗಿ ಕಲಿತರೆ ಉಳಿದವು ತಾವಾಗಿ ಬರುತ್ತವೆ. ಕನ್ನಡದ ಕಥೆ, ಕಾದಂಬರಿಗಳಲ್ಲಿ ಹೆಚ್ಚಿನವು ಡೆಮಿ 1/8 ಆಕಾರದಲ್ಲಿ, ಅಂದರೆ ಹತ್ತಿರಹತ್ತಿರ 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರದಲ್ಲಿ ಇರುತ್ತವೆ. ಕೆಳಗಿನ ಅಳತೆಗಳು ಆ ಲೆಕ್ಕದವು.

1. ಕಿಟಕಿಯಿಂದ ಎರಡೂವರೆ ಅಡಿ ದೂರದಲ್ಲಿ ಹಿನ್ನೆಲೆ ಹಾಸಿ, ಪುಸ್ತಕವನ್ನು ಕಿಟಕಿ ಅದರ ಎಡಕ್ಕೆ ಬರುವಂತೆ ಇಡಿ.

2. ಬಲಕ್ಕೆ, ಪುಸ್ತಕದಿಂದ ಒಂದಡಿ ಆಚೆ ಥರ್ಮೊಕೋಲ್ ಹಾಳೆಯನ್ನು ನಿಲ್ಲಿಸಿ. ಕಿಟಕಿಯ ಬೆಳಕನ್ನು ಅದು ವಾಪಸ್ ಕೊಟ್ಟು ಬಲಬದಿಯ ನೆರಳನ್ನು ತಿಳಿಗೊಳಿಸುತ್ತದೆ. ನೆರಳು ಪೂರ್ತಿ ಹೋಗುವಷ್ಟು ಹತ್ತಿರ ತರಬೇಡಿ. ನೆರಳಿಲ್ಲದ ಪುಸ್ತಕ ಕಾಗದದ ಮೇಲೆ ಅಂಟಿಸಿದ ಚಿತ್ರದಂತೆ ಕಾಣುತ್ತದೆ, ದಪ್ಪ ಗೊತ್ತಾಗುವುದಿಲ್ಲ.

3. ಫೋನಿನಲ್ಲಿ ಗ್ರಿಡ್ ಗೆರೆ ಆನ್ ಮಾಡಿ, 2x ಜೂಮ್ ಆರಿಸಿ, ಫೋನನ್ನು ಪುಸ್ತಕಕ್ಕಿಂತ 60 ರಿಂದ 70 ಸೆಂ.ಮೀ. ಮೇಲೆ ಹಿಡಿಯಿರಿ. 1xನಲ್ಲಿ ಇದೇ ಅಳತೆಯ ಚಿತ್ರಕ್ಕಾಗಿ ಒಂದಡಿ ಹತ್ತಿರ ಹೋಗಬೇಕಾಗುತ್ತದೆ. ಆಗ ಫೋನ್ ಕೂದಲೆಳೆಯಷ್ಟು ವಾಲಿದರೂ ಪುಸ್ತಕದ ಒಂದು ತುದಿ ಉಬ್ಬಿ, ಇನ್ನೊಂದು ಕುಗ್ಗುತ್ತದೆ. ಮುಖಪುಟ ಚೌಕಟ್ಟು ಬಿಟ್ಟು ತೆನೆಯಂತೆ ಮೊನೆಯಾಗಿ ಕಾಣಲು ಇದೇ ಕಾರಣ.

4. ಮೇಲಿನಿಂದ ಹಿಡಿದಾಗ ಹಲವು ಫೋನುಗಳಲ್ಲಿ ಎರಡು ಕೂಡುಚಿಹ್ನೆ ಕಾಣುತ್ತವೆ. ಅವೆರಡೂ ಒಂದಾದರೆ ಫೋನ್ ನೆಲಕ್ಕೆ ಸಮವಾಗಿದೆ ಎಂದರ್ಥ. ಬೆನ್ನಿನ ಅಂಚನ್ನು ಗ್ರಿಡ್ಡಿನ ಗೆರೆಗೆ ಹೊಂದಿಸಿ.

5. ಪುಸ್ತಕದ ಹೆಸರಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕಿನ ಮಟ್ಟವೂ ಅಲ್ಲೇ ಬೀಗ ಬೀಳುತ್ತದೆ. ಹಿನ್ನೆಲೆ ಬಿಳಿಯಾಗಿದ್ದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ, ಬೆಳಕಿನ ಮಟ್ಟವನ್ನು (ಇವಿ) +0.7 ರಿಂದ +1ರವರೆಗೆ ಏರಿಸಿ. ಕಪ್ಪು ಹಿನ್ನೆಲೆಗೆ ಅಷ್ಟೇ ಇಳಿಸಿ. ಕುಂಕುಮಗೆಂಪು ಮುಖಪುಟಕ್ಕೂ ಸ್ವಲ್ಪ ಇಳಿಸಬೇಕು. ಫೋನುಗಳು ಕೆಂಪನ್ನು ಉಕ್ಕಿಸಿ ಒಳಗಿನ ಚಿತ್ರದ ಗೆರೆಗಳನ್ನು ನುಂಗಿಬಿಡುತ್ತವೆ.

6. ಒಂದೇ ಜೋಡಣೆಯಲ್ಲಿ ಮೂರು ಫೋಟೊ ತೆಗೆದು, ಪರದೆಯಲ್ಲಿ ದೊಡ್ಡದು ಮಾಡಿ ನೋಡಿ.

ನೋಡುವಾಗ ಕಣ್ಣು ಹೋಗಬೇಕಾದದ್ದು ಒತ್ತಕ್ಷರಗಳ ಮೇಲೆ. 'ಕ್ಷ್ಮಿ', 'ಸ್ತ್ರ', 'ಜ್ಞಾ' ಇಂಥವುಗಳ ಕೆಳಗಿನ ಸುರುಳಿ ಬಿಡಿಬಿಡಿಯಾಗಿ ಕಾಣಬೇಕು. ಈಗಿನ ಫೋನುಗಳಲ್ಲಿ ಚಿತ್ರವನ್ನು ತಾನಾಗಿ ಚಂದಗೊಳಿಸುವ ಎಐ ಸೌಲಭ್ಯವಿದೆ. ಅದು ಮುಖದ ಚರ್ಮ ನುಣುಪು ಮಾಡಿದಂತೆ ಅಕ್ಷರದ ಅಂಚನ್ನೂ ನುಣುಪು ಮಾಡುತ್ತದೆ. ಸಣ್ಣ ಅಕ್ಷರದಲ್ಲಿ ಕೊಂಬು ಇಳಿಗೆ ಅಂಟಿಕೊಂಡು, ಒತ್ತು ಬರೀ ಮಸಿಯ ಚುಕ್ಕೆಯಾಗುತ್ತದೆ. ಲೇಖಕರ ಹೆಸರೇ ತಪ್ಪಾಗಿ ಓದಿಸಿಕೊಳ್ಳಬಹುದು. ಸೆಟ್ಟಿಂಗ್ಸಿಗೆ ಹೋಗಿ ಅದನ್ನು ಆಫ್ ಮಾಡಿ. 2xಗಿಂತ ಹೆಚ್ಚಿನ ಜೂಮ್ ನಿಮ್ಮ ಫೋನಿನಲ್ಲಿ ಬರೀ ಹಿಗ್ಗಿಸುವುದಾದರೆ ಅದನ್ನೂ ಬಳಸಬೇಡಿ.

ಹೊಳೆಯುವ ಮುಖಪುಟದ ಕಾಟ

ಗ್ಲಾಸಿ (ಹೊಳಪಿನ) ಲ್ಯಾಮಿನೇಶನ್ ಎಂದರೆ ಅರ್ಧ ಕನ್ನಡಿ. ಬೆಳಕು ಯಾವ ಕೋನದಲ್ಲಿ ಬಿತ್ತೋ ಅದೇ ಕೋನದಲ್ಲಿ ಆಚೆಗೆ ಹಾರುತ್ತದೆ, ಆ ದಾರಿಯಲ್ಲಿ ಕ್ಯಾಮೆರಾ ಇದ್ದರೆ ಬಿಳಿ ಕಲೆ. ಮೇಲಿನಿಂದ ತೆಗೆಯುವಾಗ ಮುಖಪುಟ ಪ್ರತಿಫಲಿಸುವುದು ಮನೆಯ ಸೂರನ್ನು, ನಿಮ್ಮ ಬಿಳಿ ಅಂಗಿಯನ್ನು, ಫೋನನ್ನೇ. ಹಾಗಾಗಿ ಕಪ್ಪು ಬಟ್ಟೆ ತೊಡಿ ಎಂಬುದು ಮೊದಲ ಉಪಾಯ. ಎರಡನೆಯದು, ಪುಸ್ತಕದ ಒಂದು ಅಂಚಿನ ಕೆಳಗೆ ರಬ್ಬರ್ ತುರುಕಿ ಒಂದು ಸೆಂ.ಮೀ. ಎತ್ತುವುದು. ಪ್ರತಿಬಿಂಬ ಆಚೆಗೆ ಸರಿಯುತ್ತದೆ, ಫೋಟೊದಲ್ಲಿ ವಾಲಿದ್ದು ಗೊತ್ತಾಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಖಾತ್ರಿ. ಕಪ್ಪು ಚಾರ್ಟಿನ ನಡುವೆ ಲೆನ್ಸಿಗೆ ಸಾಕಾಗುವಷ್ಟು, ಸುಮಾರು 4 ಸೆಂ.ಮೀ. ಅಗಲದ ತೂತು ಕೊರೆದು, ಚಾರ್ಟನ್ನು ಫೋನಿನ ಹಿಂಬದಿಗೆ ಟೇಪಿನಿಂದ ಅಂಟಿಸಿ, ಆ ತೂತಿನಿಂದ ಫೋಟೊ ತೆಗೆಯಿರಿ. ಮುಖಪುಟಕ್ಕೆ ಈಗ ಎದುರಿಗೆ ಕಾಣುವುದು ಕಪ್ಪು ಮಾತ್ರ. ಹೊಳಪು ಹೋಗಿ, ಮುದ್ರಕರು ಕೊಟ್ಟ ಬಣ್ಣ ಆಳವಾಗಿ ಏಳುತ್ತದೆ. ಒಮ್ಮೆ ಮಾಡಿ ನೋಡಿದವರು ಆ ಚಾರ್ಟನ್ನು ಎಸೆಯುವುದಿಲ್ಲ.

ಚಿನ್ನದ ಫಾಯಿಲ್ ಅಕ್ಷರವಿದ್ದರೆ ಲೆಕ್ಕ ಉಲ್ಟಾ. ಕಪ್ಪಿನ ಎದುರು ಫಾಯಿಲ್ ಕಪ್ಪಾಗಿಯೇ ಕಾಣುತ್ತದೆ, ಏಕೆಂದರೆ ಅದು ತನ್ನ ಬಣ್ಣಕ್ಕಿಂತ ಎದುರಿನದನ್ನೇ ಹೆಚ್ಚಾಗಿ ತೋರಿಸುತ್ತದೆ. ಅಲ್ಲಿ ಅಂಗೈಯಗಲದ ಬಿಳಿ ಚಾರ್ಟಿನ ತುಂಡನ್ನು ಮುಖಪುಟದ ಎದುರಿಗೆ ಆಚೀಚೆ ಆಡಿಸುತ್ತಾ ಹೋಗಿ. ಒಂದು ಜಾಗದಲ್ಲಿ ಅಕ್ಷರ ಒಮ್ಮೆಲೇ ಹೊತ್ತಿಕೊಂಡಂತೆ ಬೆಳಗುತ್ತದೆ, ಅಲ್ಲೇ ನಿಲ್ಲಿಸಿ. ಉಬ್ಬಿಸಿದ ಅಕ್ಷರಗಳಿಗೆ, ಸ್ಪಾಟ್ ಯುವಿ (ಆಯ್ದ ಜಾಗಕ್ಕಷ್ಟೇ ಹೊಳಪಿನ ಲೇಪ) ಮಾಡಿದ್ದಕ್ಕೆ ಬೆಳಕು ತೀರಾ ತಗ್ಗಿನಿಂದ, ಮುಖಪುಟವನ್ನು ಸವರಿಕೊಂಡು ಹೋಗುವಂತೆ ಬರಬೇಕು. ಆಗ ಉಬ್ಬಿನ ಪಕ್ಕದ ಸಣ್ಣ ನೆರಳು ಎದ್ದು ಕಾಣುತ್ತದೆ.

ನಿಂತ ಪುಸ್ತಕ, ಸಾಲು ಪುಸ್ತಕ, ತೆರೆದ ಪುಟ

ಪುಸ್ತಕವನ್ನು ನಿಲ್ಲಿಸಲು ಅದರ ಹಿಂದೆ ಅಷ್ಟೇ ಭಾರದ ಡಬ್ಬಿಯೊಂದನ್ನು ಇಟ್ಟು ಡಬಲ್ ಸೈಡ್ ಟೇಪಿನಿಂದ ತಡೆಯಿರಿ. ಟೇಪನ್ನು ಮೊದಲು ಒಂದೆರಡು ಸಲ ಬಟ್ಟೆಗೆ ಒತ್ತಿ ಅಂಟು ತಗ್ಗಿಸಿಕೊಳ್ಳಿ, ಇಲ್ಲವಾದರೆ ಲ್ಯಾಮಿನೇಶನ್ ಎದ್ದು ಬರುತ್ತದೆ. ಮುಖಪುಟಕ್ಕೂ ಮೊದಲ ಹಾಳೆಗೂ ನಡುವೆ ಗಟ್ಟಿ ರಟ್ಟು ಸೇರಿಸಿದರೆ ಮುಖಪುಟ ಸೆಟೆಯದೆ ನೇರ ನಿಲ್ಲುತ್ತದೆ. ಬೆನ್ನು ಸ್ವಲ್ಪ ಕಾಣುವಂತೆ 20 ರಿಂದ 30 ಡಿಗ್ರಿ ತಿರುಗಿಸಿ, ಫೋನನ್ನು ಪುಸ್ತಕದ ನಡುಮಟ್ಟಕ್ಕೆ ಇಳಿಸಿ, ಒಂದು ಮೀಟರ್ ದೂರದಿಂದ 2xನಲ್ಲಿ ತೆಗೆಯಿರಿ. ನಿಂತುಕೊಂಡು ಫೋನನ್ನು ಕೆಳಗೆ ಬಗ್ಗಿಸಿ ತೆಗೆದರೆ ಪುಸ್ತಕ ಹಿಂದಕ್ಕೆ ಬೀಳುತ್ತಿರುವಂತೆ ಕಾಣುತ್ತದೆ. ನೀವೇ ಕುಳಿತುಕೊಳ್ಳಿ.

ಐದು ಅಥವಾ ಏಳು ಪ್ರತಿ ಒಟ್ಟಿ ಬೆನ್ನುಗಳ ಫೋಟೊ ತೆಗೆಯುವುದು ಬಿಡುಗಡೆಯ ಮುಂಚೆ ಚೆನ್ನ. ಬೆನ್ನಿನ ಬರಹ ಮೇಲಿನಿಂದ ಕೆಳಕ್ಕೆ ಹೋಗಿದ್ದರೆ ಮುಖಪುಟ ಮೇಲೆ ಮಾಡಿ ಒಟ್ಟಿ. ಕೆಳಗಿನಿಂದ ಮೇಲಕ್ಕೆ ಹೋಗಿದ್ದರೆ ಮುಖಪುಟ ಕೆಳಗೆ ಮಾಡಿ. ಹಾಗಾದರೆ ಮಾತ್ರ ಹೆಸರು ತಲೆಕೆಳಗಾಗದೆ ಓದಲು ಸಿಗುತ್ತದೆ. ಕನ್ನಡ ಪುಸ್ತಕಗಳಲ್ಲಿ ಎರಡೂ ಪದ್ಧತಿ ಇರುವುದರಿಂದ ಬೇರೆಬೇರೆ ಶೀರ್ಷಿಕೆಗಳನ್ನು ಕೂಡಿಸಿ ಒಟ್ಟುವಾಗ ಒಂದೊಂದನ್ನೂ ನೋಡಬೇಕು.

ತೆರೆದ ಪುಟಕ್ಕೆ ಒಂದು ಸಣ್ಣ ಗುಟ್ಟಿದೆ. 70 ಜಿಎಸ್ಎಂನ ತೆಳು ಕಾಗದದಲ್ಲಿ ಹಿಂದಿನ ಪುಟದ ಅಕ್ಷರ ನೆರಳಾಗಿ ಮೂಡುತ್ತದೆ. ಆ ಹಾಳೆಯ ಕೆಳಗೆ ಕಪ್ಪು ಕಾಗದ ಸೇರಿಸಿ, ನೆರಳು ಮಾಯವಾಗುತ್ತದೆ. ಒಂದು ಪುಟಕ್ಕಿಂತ ಹೆಚ್ಚು ತೋರಿಸಬೇಡಿ, ಕತೆಯ ತಿರುವು ಇರುವ ಪುಟವನ್ನಂತೂ ಬೇಡವೇ ಬೇಡ. ಬೆನ್ನು ಮುರಿಯುವಂತೆ ಒತ್ತಿ ಅಗಲಿಸದೆ, ಎಡಬದಿಯನ್ನು ಕ್ಲಿಪ್ಪಿನಿಂದ ಹಿಡಿದು ಬಲಪುಟವನ್ನಷ್ಟೇ ಚೌಕಟ್ಟಿಗೆ ತನ್ನಿ.

ಹಿನ್ನೆಲೆ ಮತ್ತು ಜೊತೆಸಾಮಾನು

ಈ ವಿಷಯದಲ್ಲಿ ನಾವು ಶ್ರೀಮಂತರು. ಮಾರುಕಟ್ಟೆಯಲ್ಲಿ ಸಿಗುವ ನಕಲಿ ಮಾರ್ಬಲ್ ಹಾಳೆ, ಪ್ಲಾಸ್ಟಿಕ್ ಗುಲಾಬಿ, ಒಣಗಿದ ವಿಲಾಯ್ತಿ ಹೂವು ಯಾವುದೂ ಬೇಡ. ಮನೆಯ ಪಡಸಾಲೆಯ ಪರಸಿ ಕಲ್ಲು ಬೂದಿನೀಲಿ, ಹೊಳಪಿಲ್ಲದ್ದು. ಅದರ ಮೇಲೆ ಬಿಳಿ, ಹಳದಿ, ಕೆಂಪು ಮುಖಪುಟ ಯಾವುದಾದರೂ ಕೂರುತ್ತದೆ. ಕುಷ್ಟಗಿ ಕಡೆಯ ಗ್ರಾನೈಟ್ ಅಂಗಡಿಗಳಲ್ಲಿ ತುಂಡುಕಲ್ಲು ಸಿಕ್ಕರೆ ಹೊಳಪು ಹಾಕದ ಹಿಂಬದಿಯನ್ನು ಬಳಸಿ, ಹೊಳಪಿನ ಬದಿ ಪುಸ್ತಕದ ಜೊತೆ ನಿಮ್ಮನ್ನೂ ತೋರಿಸುತ್ತದೆ.

ಅಜ್ಜಿಯರು ಹೊಲಿದ ಕೌದಿ ಹಳ್ಳಿಯ ಬದುಕಿನ ಕಾದಂಬರಿಗೆ ಬಹಳ ಒಪ್ಪುತ್ತದೆ. ಆದರೆ ಕೌದಿಯ ತುಂಡುಗಳಲ್ಲಿ ಹತ್ತು ಬಣ್ಣ ಇರುತ್ತವೆ. ಮುಖಪುಟವೂ ಬಣ್ಣಬಣ್ಣದ್ದಾದರೆ ಎರಡೂ ಜಗಳಕ್ಕೆ ಬೀಳುತ್ತವೆ. ಆಗ ಕೌದಿಯನ್ನು ಮಗುಚಿ, ಓಟದ ಹೊಲಿಗೆಯ ಸಾಲುಗಳಷ್ಟೇ ಕಾಣುವ ಹಿಂಬದಿ ಹಾಸಿ. ಇಲಕಲ್ ಸೀರೆಯಾದರೆ ಸೆರಗಿನ ಕೆಂಪು ಬಿಳಿ ತೆನೆ ಚೌಕಟ್ಟಿನ ಒಂದು ಮೂಲೆಯಲ್ಲಿ ಬಂದರೆ ಸಾಕು. ಕರಿ ಕಂಬಳಿ ಬೆಳಕನ್ನು ಹೀರುತ್ತದೆ, ತಿಳಿಬಣ್ಣದ ಕವನ ಸಂಕಲನಕ್ಕೆ ಅದರಷ್ಟು ಒಳ್ಳೆಯ ಹಿನ್ನೆಲೆ ಇಲ್ಲ. ಫೋಟೊದ ಮುಂಚೆ ಅದರ ಮೇಲಿನ ಎಳೆ, ಕಸ ಆರಿಸುವ ತಾಳ್ಮೆ ಬೇಕು.

ಮಕ್ಕಳ ಪುಸ್ತಕಕ್ಕೆ ಕಿನ್ನಾಳದ ಗೊಂಬೆ ಜೊತೆಯಾಗಲಿ. ಹಗುರ ಮರದಲ್ಲಿ ಚಿತ್ರಗಾರರು ಮಾಡುವ ಆ ಗೊಂಬೆಗಳ ಬಣ್ಣ ಗಾಢ, ಮೈ ಹೊಳಪಿನದು. ಆದ್ದರಿಂದ ಒಂದೇ ಗೊಂಬೆ, ಅದೂ ಪುಸ್ತಕದ ಎತ್ತರದ ಮೂರನೇ ಒಂದು ಭಾಗಕ್ಕಿಂತ ದೊಡ್ಡದಲ್ಲದ್ದು, ಪುಸ್ತಕಕ್ಕಿಂತ ಒಂದು ಗೇಣು ಹಿಂದೆ ಇರಲಿ. ಆನೆಗೊಂದಿಯ ಬಾಳೆನಾರಿನ ಬುಟ್ಟಿ, ನಾಲ್ಕು ಬಿಳಿಜೋಳದ ತೆನೆ, ಹಿತ್ತಾಳೆ ತಂಬಿಗೆ, ಇವೂ ಚಂದ. ಒಟ್ಟು ಮೂರಕ್ಕಿಂತ ಹೆಚ್ಚು ವಸ್ತು ಬೇಡ, ಪುಸ್ತಕದೊಳಗೆ ಸಂಬಂಧವಿಲ್ಲದ ವಸ್ತು ಬೇಡ. ಜೋಳದ ಮಾತೇ ಇಲ್ಲದ ವಿಜ್ಞಾನ ಬರಹಕ್ಕೆ ತೆನೆ ಇಟ್ಟರೆ ಓದುಗನಿಗೆ ಸುಳ್ಳು ಹೇಳಿದಂತೆ. ಅಡುಗೆ ಪುಸ್ತಕಕ್ಕೆ ರೊಟ್ಟಿ, ಶೇಂಗಾ ಚಟ್ನಿ ಇಡುವುದಾದರೆ ತಟ್ಟೆ ಪುಸ್ತಕಕ್ಕೆ ತಾಗದಿರಲಿ, ಎಣ್ಣೆಯ ಒಂದು ಚುಕ್ಕೆ ಸಾಕು ಪ್ರತಿ ಕೆಡಲು.

ಪುಸ್ತಕದ ಮೇಲೆ ಚಹಾ ಕಪ್ಪು ಇಟ್ಟು ತೆಗೆದ ಫೋಟೊಗಳು ಇನ್‌ಸ್ಟಾಗ್ರಾಮಿನಲ್ಲಿ ಬೇಕಾದಷ್ಟಿವೆ. ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ಅಂಥ ಓದುಗರಿಗೆ ಆ ಫೋಟೊ ಹಿಡಿಸದು. ಚಹಾದ ಕಪ್ ಪಕ್ಕಕ್ಕಿರಲಿ. ಹೊಸ್ತಿಲ ಹತ್ತಿರ, ಚಪ್ಪಲಿ ಕಾಣುವ ಕಡೆ ಪುಸ್ತಕ ಇಡುವುದೂ ಬೇಡ.

ಹೊರಗೆ ಹೋಗುವುದಾದರೆ

ಚಳಿಗಾಲದಲ್ಲಿ ಬೆಳಿಗ್ಗೆ ಎಂಟೂವರೆವರೆಗೆ, ಬೇಸಿಗೆಯಲ್ಲಿ ಏಳೂವರೆಯೊಳಗೆ ಕೆಲಸ ಮುಗಿಸಿ. ಆಮೇಲಿನ ಬಿಸಿಲಿನಲ್ಲಿ ಫೋನ್ ಕಾದು ಪರದೆ ಮಂಕಾಗುತ್ತದೆ. ಮಂಕಾದ ಪರದೆ ನೋಡಿ ನೀವು ಬೆಳಕು ಏರಿಸುತ್ತೀರಿ, ಮನೆಗೆ ಬಂದು ನೋಡಿದರೆ ಎಲ್ಲ ಸುಣ್ಣ ಬಳಿದಂತಿರುತ್ತದೆ. ಆಷಾಢದ ಗಾಳಿಯಲ್ಲಿ ತೆರೆದ ಪುಟ ನಿಲ್ಲುವುದಿಲ್ಲ, ಕ್ಲಿಪ್ ಒಯ್ಯಿರಿ.

ಆನೆಗೊಂದಿಯ ಬಂಡೆಗಳು, ಕೊಪ್ಪಳದ ಕೋಟೆ, 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ, ಇವು ಇತಿಹಾಸದ ಪುಸ್ತಕಕ್ಕೆ ತಾವಾಗಿ ಹಿನ್ನೆಲೆಯಾಗುತ್ತವೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು. ಶಿಲ್ಪದ ಮೇಲೆ, ಗವಿಮಠದ ಅಶೋಕ ಶಾಸನದ ಬಂಡೆಯ ಮೇಲೆ ಪುಸ್ತಕ ಒರಗಿಸಬೇಡಿ. ಕೈಯಲ್ಲಿ ಹಿಡಿದು ಎರಡಡಿ ಮುಂದೆ ಚಾಚಿ, ಪುಸ್ತಕದ ಮೇಲೆ ಫೋಕಸ್ ಮಾಡಿದರೆ ಹಿಂದಿನ ಗೋಪುರ ತಾನೇ ತುಸು ಮಸುಕಾಗುತ್ತದೆ. ಪೋರ್ಟ್ರೇಟ್ ಮೋಡ್ ಬೇಡ, ಅದು ಪುಸ್ತಕದ ಮೂಲೆಯನ್ನೂ ಹಿಡಿದ ಬೆರಳನ್ನೂ ಅರೆಬರೆ ಅಳಿಸುತ್ತದೆ. ಹಿಡಿದ ಕೈ ಬೇರೆಯವರದಾದರೆ, ಅದರಲ್ಲೂ ಮಕ್ಕಳದಾದರೆ, ಹಾಕುವ ಮೊದಲು ಮನೆಯವರನ್ನು ಕೇಳಿ.

ತಿದ್ದಿ ಕಳಿಸುವುದು

ಸ್ನ್ಯಾಪ್‌ಸೀಡ್‌ನಂಥ ಉಚಿತ ಆ್ಯಪ್ ಸಾಕು. ಮೊದಲು ವಾಲಿದ್ದನ್ನು ನೇರ ಮಾಡಿ, ಆಮೇಲೆ ಬಿಳಿಯನ್ನು ಬಿಳಿ ಮಾಡಿ, ಕೊನೆಗೆ ಬೆಳಕು. ಬಣ್ಣ ಸರಿಯಿದೆಯೇ ಎಂದು ತಿಳಿಯಲು ಪುಸ್ತಕವನ್ನೇ ಪರದೆಯ ಪಕ್ಕ ಹಿಡಿದು ನೋಡಿ. ಫಿಲ್ಟರ್ ಹಾಕಿ ಮಾವಿನ ಹಳದಿಯನ್ನು ನಿಂಬೆ ಹಳದಿ ಮಾಡಿದರೆ ಕೊಂಡವರಿಗೆ ಬೇರೆ ಪುಸ್ತಕ ಬಂದಂತಾಗುತ್ತದೆ, ಮುಖಪುಟ ಬರೆದ ಕಲಾವಿದರಿಗೂ ಅನ್ಯಾಯ. ಅವರ ಹೆಸರನ್ನು ಫೋಟೊದ ಜೊತೆಗಿನ ಬರಹದಲ್ಲಿ ತಪ್ಪದೆ ಹಾಕಿ.

ಅಳತೆಗಳು: ಇನ್‌ಸ್ಟಾಗ್ರಾಮ್ ಪೋಸ್ಟಿಗೆ 1080×1350, ಸ್ಟೋರಿ ಮತ್ತು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ 1080×1920 ಪಿಕ್ಸೆಲ್. ಸ್ಟೇಟಸ್ಸಿನಲ್ಲಿ ಮೇಲೂ ಕೆಳಗೂ ಹೆಸರು, ಗುಂಡಿಗಳು ಬರುವುದರಿಂದ ಪುಸ್ತಕ ನಡುವೆ ಇರಲಿ. ಆನ್‌ಲೈನ್ ಅಂಗಡಿಗೆ ಬಿಳಿ ಹಿನ್ನೆಲೆಯ, ಉದ್ದಬದಿ 1000 ಪಿಕ್ಸೆಲ್ಲಿಗೆ ಕಡಿಮೆಯಿಲ್ಲದ ಚಿತ್ರ. 5×7 ಇಂಚಿನ ಅಚ್ಚಿಗೆ 1500×2100 ಬೇಕು. ಪತ್ರಿಕೆಗೆ ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಚಿತ್ರವಾಗಿ ಕಳಿಸಿದ್ದು ದಾರಿಯಲ್ಲಿ ಕುಗ್ಗುತ್ತದೆ, ಅಚ್ಚಿನಲ್ಲಿ ಅಕ್ಷರ ಒಡೆಯುತ್ತದೆ.

ಹಾಕುವ ಮುಂಚಿನ ಪರೀಕ್ಷೆ: ಫೋಟೊವನ್ನು ಗ್ಯಾಲರಿಯ ಸಣ್ಣ ಚೌಕಗಳ ನಡುವೆ ಇಟ್ಟು, ಫೋನನ್ನು ಒಂದು ಮೊಳ ದೂರ ಹಿಡಿದು, ಪುಸ್ತಕ ನೋಡಿರದ ಯಾರಿಗಾದರೂ ತೋರಿಸಿ. ಶೀರ್ಷಿಕೆಯನ್ನು ತಡವರಿಸದೆ ಓದಿದರೆ ಸರಿ. ತಡವರಿಸಿದರೆ ಜೊತೆಸಾಮಾನು ಒಂದೊಂದಾಗಿ ತೆಗೆಯುತ್ತಾ, ಪುಸ್ತಕವನ್ನು ದೊಡ್ಡದಾಗಿಸುತ್ತಾ ಮತ್ತೆ ತೆಗೆಯಿರಿ. ಬೆಲೆ, ಪುಟಸಂಖ್ಯೆ, ಪ್ರಕಾಶನ, ತರಿಸಿಕೊಳ್ಳುವ ಬಗೆ, ಇವೆಲ್ಲ ಫೋಟೊದ ಕೆಳಗಿನ ಬರಹದಲ್ಲಿರಲಿ. ಮುಖಪುಟದ ಮೇಲೆ ದೊಡ್ಡಕ್ಷರದಲ್ಲಿ ಬೆಲೆ ಹೊಡೆಯಬೇಡಿ.

ತಿದ್ದದ ಮೂಲ ಫೋಟೊಗಳನ್ನು ಪುಸ್ತಕದ ಹೆಸರು, ಮುದ್ರಣ, ವರ್ಷ ಬರೆದ ಫೋಲ್ಡರಿನಲ್ಲಿ ಎರಡು ಕಡೆ ಇಡಿ. ಎರಡನೇ ಮುದ್ರಣಕ್ಕೆ ಮುಖಪುಟವೋ ಬೆಲೆಯೋ ಬದಲಾದರೆ ಹೊಸದಾಗಿ ತೆಗೆದು, ಮಾರಾಟದ ಪುಟಗಳಲ್ಲಿರುವ ಹಳೆಯ ಚಿತ್ರಗಳನ್ನು ಅಂದೇ ಬದಲಿಸಿ.